ಬೂಷ್ಟು ಹಿಡಿದ ಫ್ಲಾಪಿಯೊಳಗಿನ ಕನ್ನಡ

ಗಾಳಿಬೀಡಿನಲ್ಲಿ ಹಳೆಯ ಕಂಪ್ಯೂಟರಿನ ಮೊದಲ ಶತ್ರು ಮಳೆ. ಮಡಿಕೇರಿಯ ಸುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಟ್ಟೂ ಬಿಡದೆ ಹೊಯ್ಯುವಾಗ ಇಲ್ಲಿನ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ, ಬೆಂಕಿಕಡ್ಡಿ ಗೀರಿದರೆ ಹತ್ತುವುದಿಲ್ಲ, ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ. ಚರ್ಮದ ಬೆಲ್ಟು, ಪುಸ್ತಕದ ಬೆನ್ನು, ಮದುವೆ ಆಲ್ಬಮ್ಮಿನ ಒಳಪುಟ, ಎಲ್ಲದರ ಮೇಲೂ ಬಿಳಿ ಬೂಷ್ಟು ಕೂರುತ್ತದೆ. ಇಂಥ ಜಾಗದಲ್ಲಿ ಮೂವತ್ತು ನಲವತ್ತು ವರ್ಷ ಹಳೆಯ ಯಂತ್ರಗಳನ್ನು ಕೂಡಿಟ್ಟುಕೊಂಡು, ಬಿಚ್ಚಿ, ಒರೆಸಿ, ಮತ್ತೆ ಓಡುವಂತೆ ಮಾಡುವ ಹವ್ಯಾಸ ಹಿಡಿದವನಿಗೆ ವರ್ಷವಿಡೀ ಕೈತುಂಬ ಕೆಲಸ. ಕಬ್ಬಿಣದ ಪೆಟ್ಟಿಗೆಗೆ ತುಕ್ಕು, ತಾಮ್ರದ ಗೆರೆಗಳಿಗೆ ಕಿಲುಬು, ಫ್ಲಾಪಿಗೆ ಬೂಷ್ಟು: ಮೂರೂ ಒಂದೇ ತೇವದ ಮಕ್ಕಳು.

ತೇವ ಯಂತ್ರದೊಳಗೆ ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಒಂದು ಬಿಡಿಭಾಗವನ್ನು ಹತ್ತಿರದಿಂದ ನೋಡಿದರೆ ಸಾಕು. 1980ರ ದಶಕದ ಎಷ್ಟೋ ಕಂಪ್ಯೂಟರುಗಳ ಪವರ್ ಸಪ್ಲೈ ಪೆಟ್ಟಿಗೆಯಲ್ಲಿ, ಕರೆಂಟು ಒಳಬರುವ ಬಾಗಿಲಲ್ಲೇ, ರೀಫಾ ಎಂಬ ಹೆಸರು ಹೊತ್ತ ಕೆಪಾಸಿಟರ್ ಇರುತ್ತದೆ. ಕಡುಹಳದಿ ಬಣ್ಣದ, ಒಳಗಿನದು ಮಸುಕಾಗಿ ಕಾಣುವ ಚೌಕಾಕಾರದ ಪುಟ್ಟ ಗಟ್ಟಿ. ಒಳಗೆ ಲೋಹ ಲೇಪಿಸಿದ ಕಾಗದದ ಸುರುಳಿ, ಹೊರಗೆ ಗಟ್ಟಿ ಅಂಟಿನ ಕವಚ. ವರ್ಷಗಳು ಕಳೆದಂತೆ ಕವಚದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಮೂಡುತ್ತವೆ. ಬಿರುಕಿನಿಂದ ಗಾಳಿಯ ತೇವ ಒಳಗಿಳಿದು ಕಾಗದ ಅದನ್ನು ಹೀರಿಕೊಂಡು ಕೂರುತ್ತದೆ. ಅಟ್ಟದ ಮೇಲೆ ಎಷ್ಟು ವರ್ಷವಾದರೂ ಏನೂ ಆಗುವುದಿಲ್ಲ. ಯಾರೋ ಆಸೆಯಿಂದ ಕೆಳಗಿಳಿಸಿ 230 ವೋಲ್ಟಿನ ಪ್ಲಗ್ಗಿಗೆ ಚುಚ್ಚಿದ ಕೆಲವು ನಿಮಿಷಗಳಲ್ಲಿ ಟಪ್ ಎಂಬ ಸದ್ದು, ದಟ್ಟ ಹೊಗೆ, ದಿನವಿಡೀ ಕೋಣೆ ಬಿಡದ ಕಮಟು ವಾಸನೆ. ನೋಡಿದವರು ಕಂಪ್ಯೂಟರೇ ಸುಟ್ಟುಹೋಯಿತೆಂದು ಹೆದರಿ ಗುಜರಿಗೆ ಹಾಕುತ್ತಾರೆ. ನಿಜವಾಗಿ ಹೋದದ್ದು ಕೆಲವೇ ರೂಪಾಯಿಯ ಬಿಡಿಭಾಗ. ಅದನ್ನು ಕಿತ್ತು, ಅದೇ ಅಳತೆಯ ಪ್ಲಾಸ್ಟಿಕ್ ಫಿಲ್ಮಿನ ಹೊಸ ಕೆಪಾಸಿಟರ್ ಬೆಸೆದರೆ ಯಂತ್ರ ಸಾಮಾನ್ಯವಾಗಿ ಮತ್ತೆ ಎದ್ದು ಕೂರುತ್ತದೆ. ಒಳ್ಳೆಯ ಯಂತ್ರಗಳು ಇಂಥ ಹೊಗೆಯ ಭಯಕ್ಕೇ ಕಣ್ಮರೆಯಾಗಿವೆ ಎನ್ನುವುದು ನನ್ನನ್ನು ತುಂಬ ಕಾಡುವ ವಿಷಯ.

ಹಳೆಯ ಕಂಪ್ಯೂಟರ್ ಯಾಕೆ ಬೇಕು ಎಂದು ಕೇಳುವವರು ಬಹಳ. ಅಂಗೈಯ ಫೋನಿನಲ್ಲೇ ಅದರ ಸಾವಿರಾರು ಪಟ್ಟು ಶಕ್ತಿ ಇರುವಾಗ ಮೂಲೆಯಲ್ಲಿ ಹಳದಿಗಟ್ಟಿದ ಪೆಟ್ಟಿಗೆ ಏಕೆ? ಹಳೆಯ ಕಾಲದ ಮೇಲಿನ ಪ್ರೀತಿ ಎಂದು ಹೇಳಿ ಮುಗಿಸಬಹುದು. ಆದರೆ ನಮ್ಮ ಮಟ್ಟಿಗೆ ಅದಕ್ಕಿಂತ ಗಟ್ಟಿಯಾದ ಕಾರಣವೊಂದಿದೆ. ಎಲ್ಲ ಭಾಷೆಗಳಿಗೂ ಒಂದೇ ಸಂಕೇತಾವಳಿಯಾದ ಯುನಿಕೋಡ್ ಮನೆಮಾತಾಗುವ ಮೊದಲು, ಸುಮಾರು 20 ವರ್ಷ, ಕನ್ನಡವನ್ನು ಕಂಪ್ಯೂಟರಿನಲ್ಲಿ ಬರೆದವರೆಲ್ಲ ಬರೆದದ್ದು ಈ ಯಂತ್ರಗಳಲ್ಲಿ. ಆ ಬರಹದ ಬಹುಪಾಲು ಇನ್ನೂ ಆ ಕಾಲದ ಫ್ಲಾಪಿಗಳಲ್ಲಿ, ಆ ಕಾಲದ ತಂತ್ರಾಂಶಗಳ ಬೀಗದೊಳಗೇ ಇದೆ. ಅದನ್ನು ಹೊರತೆಗೆಯಲು ಓಡುವ ಹಳೆಯ ಯಂತ್ರವೇ ಬೇಕು.

ಯಾವ ಯಂತ್ರಗಳು?

ನಮ್ಮ ನಾಡಿನ ಸರ್ಕಾರಿ ಶಾಲೆಗಳಿಗೆ ಕಂಪ್ಯೂಟರ್ ಬಂದ ಕಥೆ 1984-85ರಲ್ಲಿ ಕೇಂದ್ರ ಸರ್ಕಾರ ತಂದ ‘ಕ್ಲಾಸ್’ ಯೋಜನೆಯಿಂದ ಶುರುವಾಗುತ್ತದೆ. ಅದಕ್ಕೆ ಆರಿಸಿದ್ದು ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ. 1981ರ ಕೊನೆಗೆ ಹುಟ್ಟಿದ ಈ ಯಂತ್ರದಲ್ಲಿ 32 ಕಿಲೋಬೈಟ್ ಮೆಮೊರಿ, 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್. ಕೀಬೋರ್ಡೂ ಕಂಪ್ಯೂಟರೂ ಒಂದೇ ಪೆಟ್ಟಿಗೆ. ಸ್ವಿಚ್ ಒತ್ತಿದರೆ ಮೊದಲು ದಪ್ಪ ದನಿ, ಹಿಂದೆಯೇ ಸಣ್ಣ ದನಿ. ಅಷ್ಟರಲ್ಲಿ ಪರದೆಯ ಮೇಲೆ ಬೇಸಿಕ್ ಭಾಷೆ ಆಜ್ಞೆಗೆ ಕಾಯುತ್ತಿರುತ್ತದೆ. ಕಾಯಿಸುವ ಮಾತೇ ಇಲ್ಲ. ಚಂಡೀಗಢದ ಹತ್ತಿರದ ಮೊಹಾಲಿಯಲ್ಲಿದ್ದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಇದನ್ನೇ ಯೂನಿಕಾರ್ನ್ ಎಂಬ ಹೆಸರಿನಲ್ಲಿ ತಯಾರಿಸಿತು. ದೇಶದ ಶಾಲೆಗಳಿಗೆ ಹಂಚಿದ ಬಿಬಿಸಿ ಮೈಕ್ರೊಗಳು ಸುಮಾರು 12,000. ಅದೇ ಹೊತ್ತಿಗೆ ನವೋದಯ ಶಾಲೆಗಳೂ ಹುಟ್ಟಿದವು. ಕೊಡಗಿನ ಜವಾಹರ ನವೋದಯ ವಿದ್ಯಾಲಯ ಇರುವುದು ಗಾಳಿಬೀಡಿನಲ್ಲೇ. ನಾಡಿನ ಹಳ್ಳಿಗಳ ಎಷ್ಟೋ ಮಕ್ಕಳು ಮೊದಲು ಕೀಬೋರ್ಡ್ ಮುಟ್ಟಿದ್ದು ಇಂಥ ಶಾಲೆಗಳ ಲ್ಯಾಬುಗಳಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ.

ಬೆಂಗಳೂರಿಗೆ ತನ್ನದೇ ಚರಿತ್ರೆ ಇದೆ. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋದ ಮೇಲೆ ತೆರವಾದ ಜಾಗದಲ್ಲಿ ಇಲ್ಲಿನ ಪಿಎಸ್‌ಐ, ವಿಪ್ರೊ ಮುಂತಾದ ಕಂಪನಿಗಳು ಸ್ವಂತ ಯಂತ್ರ ಕಟ್ಟಿದವು. ವಿಪ್ರೊ ಕಂಪ್ಯೂಟರುಗಳು ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿಯಿಂದ ಆಮದು ಸಡಿಲವಾದ ಬಳಿಕ ಐಬಿಎಂ ಪಿಸಿಯ ಮಾದರಿಯ ಯಂತ್ರಗಳು ಎಲ್ಲೆಡೆ ಹರಡಿದವು. ಮುಂದೆ ‘ಅಸೆಂಬಲ್ಡ್’ ಕಾಲ ಬಂತು: ಬೋರ್ಡು ಒಂದು ಕಡೆಯದು, ಪೆಟ್ಟಿಗೆ ಇನ್ನೊಂದು ಕಡೆಯದು, ಜೋಡಿಸಿದವನು ಎಸ್.ಪಿ. ರಸ್ತೆಯ ಅಂಗಡಿಯವನು. ನಮ್ಮ ಕಡೆಯ ಗುಜರಿಗಳಲ್ಲಿ, ತೋಟದ ಮನೆಗಳ ಅಟ್ಟಗಳಲ್ಲಿ ಸಿಗುವುದು ಹೆಚ್ಚಾಗಿ ಇವೇ. 386, 486, ಮೊದಲ ಪೆಂಟಿಯಂಗಳು. ಹೆಸರಿಲ್ಲದ ಈ ಪೆಟ್ಟಿಗೆಗಳಿಗೆ ಸಂಗ್ರಾಹಕರ ಪೇಟೆಯಲ್ಲಿ ಬೆಲೆ ಕಡಿಮೆ. ನನ್ನ ಪ್ರಕಾರ ಕನ್ನಡಕ್ಕೆ ಅತಿ ಮುಖ್ಯವಾದವು ಇವೇ, ಯಾಕೆಂದರೆ ಊರೂರಿನ ಡಿಟಿಪಿ ಅಂಗಡಿಗಳು ಓಡಿದ್ದು ಇವುಗಳ ಮೇಲೆ.

ಬಿಚ್ಚಿ ನೋಡಿದರೆ

ಒಂದು 386 ಯಂತ್ರದ ಮುಚ್ಚಳ ತೆಗೆಯೋಣ. ಹಿಂಬದಿಯ ಸ್ಕ್ರೂಗಳು ತುಕ್ಕು ಹಿಡಿದಿರುತ್ತವೆ; ಒಂದೊಂದು ಹನಿ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದರೆ ಬರುತ್ತವೆ, ಅವಸರ ಮಾಡಿದರೆ ತಲೆ ಸವೆದು ಶಾಶ್ವತವಾಗಿ ಕೂತುಬಿಡುತ್ತವೆ. ಒಳಗೆ ಮೊದಲು ಕಾಣುವುದು ಜೀವಜಗತ್ತು. ಹಲ್ಲಿ ಮೊಟ್ಟೆಯ ಚಿಪ್ಪು, ಇರುವೆ ಗೂಡು, ಕೇಬಲ್ಲಿನ ಸಂದಿಯಲ್ಲಿ ಕಣಜ ಕಟ್ಟಿದ ಮಣ್ಣಿನ ಮನೆ. ಹಲ್ಲಿಯ ಹಿಕ್ಕೆ ಬಿದ್ದ ಕಡೆ ತಾಮ್ರ ಕೊರೆದುಹೋಗಿರುತ್ತದೆ, ಆದ್ದರಿಂದ ಮೆತ್ತಗಿನ ಬ್ರಶ್ಶಿನಿಂದ ಎಲ್ಲವನ್ನೂ ಗುಡಿಸಿ ಆಮೇಲೆ ಭೂತಗನ್ನಡಿ ಹಿಡಿಯಬೇಕು. ಪ್ರತಿ ಚಿಪ್ಪಿನ ಬೆನ್ನ ಮೇಲೆ ನಾಲ್ಕು ಅಂಕಿ ಇರುತ್ತದೆ. 9132 ಎಂದಿದ್ದರೆ 1991ನೇ ಇಸವಿಯ 32ನೇ ವಾರ ತಯಾರಾದದ್ದು ಎಂದರ್ಥ. ಹತ್ತು ಚಿಪ್ಪು ಓದಿದರೆ ಯಂತ್ರ ಯಾವ ಕಾಲದ್ದು, ನಡುವೆ ಯಾವ ಭಾಗ ಬದಲಾಗಿದೆ ಎಲ್ಲ ತಿಳಿಯುತ್ತದೆ. ಇದು ನನಗೆ ಇಡೀ ಕೆಲಸದಲ್ಲಿ ಅತ್ಯಂತ ಇಷ್ಟವಾದ ಹೊತ್ತು.

ಆಮೇಲೆ ಕಣ್ಣು ಹೋಗಬೇಕಾದ್ದು ಬ್ಯಾಟರಿಯ ಮೇಲೆ. ಆ ಕಾಲದ ಬೋರ್ಡುಗಳಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೋರ್ಡಿಗೇ ಬೆಸೆದಿರುತ್ತಿದ್ದರು. ನೀಲಿ ಕವಚದೊಳಗೆ 1.2 ವೋಲ್ಟಿನ ಮೂರು ಬಿಲ್ಲೆ, ಒಟ್ಟು 3.6 ವೋಲ್ಟ್. ಯಂತ್ರ ಆರಿದ್ದಾಗಲೂ ಗಡಿಯಾರ ನಡೆಯಲು, ಹಾರ್ಡ್‌ಡಿಸ್ಕಿನ ವಿವರ ನೆನಪಿರಲು ಅದು ಬೇಕಿತ್ತು. ವಯಸ್ಸಾದ ಮೇಲೆ ಅದು ಸೋರುತ್ತದೆ. ಸೋರುವುದು ಕ್ಷಾರ. ಅದು ತಾಮ್ರದ ಗೆರೆಗಳ ಗುಂಟ ತೆವಳುತ್ತದೆ, ಹಸಿರು ಲೇಪದ ಕೆಳಗೆ ನುಗ್ಗಿ ಗೆರೆಯನ್ನು ಕಪ್ಪಾಗಿಸಿ ತಿಂದುಹಾಕುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಸಾಮಾನ್ಯವಾಗಿ ಕೀಬೋರ್ಡಿನ ಜಾಗ ಇರುವುದರಿಂದ ಮೊದಲು ಸಾಯುವುದು ಕೀಬೋರ್ಡು. ಯಂತ್ರ ಏಳುತ್ತದೆ, ಪರದೆ ಬೆಳಗುತ್ತದೆ, ಆದರೆ ಯಾವ ಕೀಲಿ ಒತ್ತಿದರೂ ಓಗೊಡುವುದಿಲ್ಲ.

ಇದಕ್ಕೆ ಔಷಧ ಅಡುಗೆಮನೆಯಲ್ಲೇ ಇದೆ. ಬ್ಯಾಟರಿ ಕತ್ತರಿಸಿ ತೆಗೆದು, ಸೋರಿದ ಜಾಗಕ್ಕೆ ಹತ್ತಿಯಲ್ಲಿ ವಿನೆಗರ್ ಹಚ್ಚಿದರೆ ಸಣ್ಣಗೆ ನೊರೆ ಬಂದು ಕ್ಷಾರ ತಣಿಯುತ್ತದೆ. ನಂತರ ಬಟ್ಟಿ ಇಳಿಸಿದ ನೀರು, ಅದರ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್, ಆಮೇಲೆ ಪೂರ್ತಿ ಒಣಗಿಸುವುದು. ಕಪ್ಪಾದ ಗೆರೆಗಳ ಲೇಪವನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಹೊಳೆಯುವ ತಾಮ್ರ ಕಂಡರೆ ಅದರ ಮೇಲೆ ಬೆಸುಗೆಯ ಸೀಸ ಹರಿಸಬೇಕು. ಗೆರೆ ಪೂರ್ತಿ ತುಂಡಾಗಿದ್ದರೆ ಮಲ್ಟಿಮೀಟರಿನ ಬೀಪ್ ಸದ್ದು ಹಿಡಿದುಕೊಂಡು ಎಲ್ಲಿಂದ ಎಲ್ಲಿಗೆ ಎಂದು ಹುಡುಕಿ, ಕೂದಲಿನಷ್ಟು ತೆಳ್ಳನೆಯ ತಂತಿಯಿಂದ ಸೇತುವೆ ಹಾಕಬೇಕು. ಹೊಸ ಬ್ಯಾಟರಿಯಾಗಿ ಗಡಿಯಾರದ ಬಿಲ್ಲೆ ಹಾಕಬಹುದು. ಆದರೆ ಹಳೆಯ ಬೋರ್ಡು ಬ್ಯಾಟರಿಗೆ ಚಾರ್ಜ್ ತುಂಬಲು ನೋಡುತ್ತದೆ, ಬಿಲ್ಲೆಗೆ ಚಾರ್ಜ್ ಹೋಗಬಾರದು. ಅದಕ್ಕೆ ನಡುವೆ ಒಂದು ಡಯೋಡ್ ಇಟ್ಟು ದಾರಿಯನ್ನು ಒಮ್ಮುಖ ಮಾಡಬೇಕು.

ಪ್ಲಗ್ಗಿಗೆ ಹಾಕುವ ಮೊದಲು ಸೀರೀಸ್ ಬಲ್ಬ್. ರೇಡಿಯೊ, ಟಿ.ವಿ. ರಿಪೇರಿ ಕಲಿತವರಿಗೆಲ್ಲ ಗೊತ್ತಿರುವ ಉಪಾಯ ಇದು. ಯಂತ್ರಕ್ಕೆ ಹೋಗುವ ಕರೆಂಟಿನ ದಾರಿಯಲ್ಲಿ ಹಳೆಯ ಕಾಲದ 100 ವಾಟಿನ ತಂತಿ ಬಲ್ಬ್ ಇಡುವುದು. ಒಳಗೆಲ್ಲೋ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿದು ಎಚ್ಚರಿಸುತ್ತದೆ, ಯಂತ್ರ ಉಳಿಯುತ್ತದೆ. ಎಲ್ಲ ಸರಿಯಿದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ದುಬಾರಿ ಉಪಕರಣ ಮಾಡುವ ಕೆಲಸವನ್ನು ಒಂದು ಹೋಲ್ಡರ್, ಎರಡು ಮೊಳ ವೈರು ಮಾಡುತ್ತವೆ. ಮಡಿಕೇರಿ, ಕುಶಾಲನಗರ, ಸುಳ್ಯದ ಟಿ.ವಿ. ರಿಪೇರಿಯವರ ಕೈಯಲ್ಲಿರುವ ಈ ವಿದ್ಯೆ ಹಳೆಯ ಕಂಪ್ಯೂಟರುಗಳ ಪಾಲಿಗೆ ದೊಡ್ಡ ಆಸ್ತಿ. ಡಬ್ಬದಂಥ ಟಿ.ವಿ.ಗಳು ಹೋದ ಮೇಲೆ ಆ ಅಂಗಡಿಗಳು ಒಂದೊಂದಾಗಿ ಮೊಬೈಲ್ ಕವರ್ ಮಾರುವ ಅಂಗಡಿಗಳಾಗಿವೆ. ಹಳೆಯ ಮಾನಿಟರಿನ ಗಾಜಿನ ಕೊಳವೆ ಸ್ವಿಚ್ ಆರಿಸಿದ ಮೇಲೂ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಂಡಿರಬಲ್ಲದು. ಅದನ್ನು ಸುರಕ್ಷಿತವಾಗಿ ಇಳಿಸಲು ಬಲ್ಲವರ ಹತ್ತಿರ ಕಲಿಯದೆ ಮಾನಿಟರ್ ಬಿಚ್ಚಬಾರದು.

ಹಾರ್ಡ್‌ಡಿಸ್ಕ್ ಬೇರೆಯೇ ಜಾತಿ. ಬಹಳ ವರ್ಷ ತಿರುಗದೆ ಕೂತಾಗ ಓದುವ ತಲೆ ತಟ್ಟೆಗೆ ಅಂಟಿಕೊಳ್ಳುವುದುಂಟು. ಡಾಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಕಾಲದವರು ಯಂತ್ರ ಆರಿಸುವ ಮೊದಲು ‘ಪಾರ್ಕ್’ ಎಂದು ಟೈಪ್ ಮಾಡುತ್ತಿದ್ದುದು ತಲೆಯನ್ನು ಸುರಕ್ಷಿತ ಜಾಗಕ್ಕೆ ಸರಿಸಲು. ಜೊತೆಗೆ, ಆಗಿನ ಯಂತ್ರಗಳಿಗೆ ಡಿಸ್ಕಿನ ಸಿಲಿಂಡರ್ ಎಷ್ಟು, ಹೆಡ್ ಎಷ್ಟು, ಸೆಕ್ಟರ್ ಎಷ್ಟು ಎಂದು ಕೈಯಾರೆ ಹೇಳಿಕೊಡಬೇಕಿತ್ತು. ಬ್ಯಾಟರಿ ಸತ್ತರೆ ಅದೂ ಮರೆತುಹೋಗುತ್ತದೆ. ಜಾಣ ಆಪರೇಟರುಗಳು ಆ ಅಂಕಿಗಳನ್ನು ಪೆಟ್ಟಿಗೆಯ ಒಳಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದರು. ಗುಜರಿಯಲ್ಲಿ ಸಿಕ್ಕ ಪೆಟ್ಟಿಗೆಯೊಳಗೆ ಅಂಥ ಬರಹ ಕಂಡಾಗ, ಹೆಸರು ಗೊತ್ತಿಲ್ಲದ ಆ ಮನುಷ್ಯರಿಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಕನ್ನಡ ಕುಳಿತ ಬಗೆ

ಡಾಸ್ ಹುಟ್ಟಿದ್ದೇ ಇಂಗ್ಲಿಷಿಗೆ. ಅಲ್ಲಿ ಕನ್ನಡ ಬರುವಂತೆ ಮಾಡಲು ಮೊದಲು ಹಿಡಿದ ದಾರಿ ಯಂತ್ರದ್ದೇ ದಾರಿ. ಐಐಟಿ ಕಾನ್ಪುರದಲ್ಲಿ ಮೊಳೆತ ಜಿಸ್ಟ್ ಎಂಬ ತಂತ್ರಜ್ಞಾನವನ್ನು ಪುಣೆಯ ಸಿ-ಡ್ಯಾಕ್ ಸಂಸ್ಥೆ 1980ರ ದಶಕದ ಕೊನೆಗೆ ಒಂದು ಕಾರ್ಡಿನ ರೂಪದಲ್ಲಿ ಹೊರತಂದಿತು. ಕಂಪ್ಯೂಟರಿನ ಖಾಲಿ ಸೀಳಿಗೆ ಆ ಕಾರ್ಡು ಚುಚ್ಚಿದರೆ, ಇಂಗ್ಲಿಷಿಗೆಂದೇ ಬರೆದ ತಂತ್ರಾಂಶದಲ್ಲೂ ಕನ್ನಡ ಮೂಡುತ್ತಿತ್ತು. ಅದು ಬಳಸಿದ ಇಸ್ಕಿ ಸಂಕೇತಾವಳಿ 1991ರಲ್ಲಿ ಭಾರತೀಯ ಮಾನಕವಾಯಿತು. ಅದೇ ವರ್ಷದ ಯುನಿಕೋಡ್ ಮೊದಲ ಆವೃತ್ತಿಯಲ್ಲೂ ಕನ್ನಡಕ್ಕೆ ಜಾಗ ಸಿಕ್ಕಿತು. ಆದರೆ ಅದು ಜನಸಾಮಾನ್ಯರ ಪರದೆಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ತನ್ನ ಜೊತೆಗೆ ತುಂಗಾ ಅಕ್ಷರಗಳನ್ನು ತಂದ ಮೇಲೆ.

ಈ ನಡುವಿನ ಕಾಲವನ್ನು ಕಟ್ಟಿದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಕೆ.ಪಿ. ರಾವ್. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು. ಸಿಂಧೂ ಲಿಪಿಯನ್ನು ಕಂಪ್ಯೂಟರಿನ ನೆರವಿನಿಂದ ಅಭ್ಯಾಸ ಮಾಡುವ ಕೆಲಸದಲ್ಲಿ ಕೈಜೋಡಿಸಿದವರು, ಮುದ್ರಣದ ಅಕ್ಷರ ಜೋಡಣೆಯನ್ನು ಒಳಗಿನಿಂದ ಬಲ್ಲವರು. ವ್ಯಂಜನ, ಅದರ ಮೇಲೊಂದು ಸ್ವರ ಎಂದು ಒತ್ತಿದರೆ ಗುಣಿತಾಕ್ಷರ ತಾನಾಗಿ ಕೂಡಿಕೊಳ್ಳುವಂತೆ ಅವರು ಕೀಲಿಗಳನ್ನು ಜೋಡಿಸಿದರು. ಸಾಮಾನ್ಯ ಇಂಗ್ಲಿಷ್ ಕೀಬೋರ್ಡಿನ ಕೀಲಿಗಳಲ್ಲೇ ಇಡೀ ಕನ್ನಡ ಹಿಡಿಯಿತು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ ತಂತ್ರಾಂಶವನ್ನು ಅವರು ಹಣ ಕೇಳದೆ ಹಂಚಿದರು. ಅವರ ಕೀಲಿವಿನ್ಯಾಸವೇ ಮುಂದೆ ಕರ್ನಾಟಕ ಸರ್ಕಾರದ ಮಾನಕ ವಿನ್ಯಾಸಕ್ಕೆ ತಳಪಾಯವಾಯಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕಚೇರಿಗಳನ್ನು ಹೊಕ್ಕಿತು. ಕಾಫಿ ತೋಟದ ನಡುವೆ ಕೂತೇ ಹೊಸ ತಂತ್ರಜ್ಞಾನವನ್ನು ಬಿಚ್ಚಿ ನೋಡುತ್ತಿದ್ದ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಕೊನೆಯ ವರ್ಷಗಳಲ್ಲಿ ಬಹಿರಂಗವಾಗಿ ದನಿಯೆತ್ತಿದ್ದನ್ನೂ ಇಲ್ಲಿ ಹೇಳಬೇಕು. ಕನ್ನಡ ಹೊಸ ಯಂತ್ರದೊಳಗೆ ಹೊಕ್ಕದ್ದು ಹೀಗೆ ಹಟ ಹಿಡಿದ ಕೆಲವರಿಂದ.

ಆದರೆ ಡಿಟಿಪಿ ಅಂಗಡಿಗಳದ್ದು ಬೇರೆ ಲೋಕ. ಅಲ್ಲಿ ನಡೆದದ್ದು ಶ್ರೀಲಿಪಿ, ಪ್ರಕಾಶಕ, ಆಕೃತಿ ಮುಂತಾದ ತಂತ್ರಾಂಶಗಳು. ಇವುಗಳಲ್ಲಿ ಒಂದೊಂದರದ್ದೂ ಒಂದೊಂದು ಗುಟ್ಟಿನ ಲೆಕ್ಕ. ಕನ್ನಡ ಅಕ್ಷರವನ್ನು ತಲೆಕಟ್ಟು, ಒತ್ತು, ಕೊಂಬು, ದೀರ್ಘ ಎಂದು ತುಂಡು ಮಾಡಿ, ಇಂಗ್ಲಿಷ್ ಅಕ್ಷರಗಳು ಕೂರುವ ಮನೆಗಳಲ್ಲಿ ಆ ತುಂಡುಗಳನ್ನು ಕೂರಿಸಿದರು. ಯಾವ ತುಂಡು ಯಾವ ಮನೆಯಲ್ಲಿ ಎನ್ನುವುದು ಕಂಪನಿಗೊಂದು ರೀತಿ. ಹಾಗಾಗಿ ಆ ಫೈಲನ್ನು ಇಂದಿನ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ನುಡಿ, ಬರಹಗಳ ಹಳೆಯ ಫೈಲುಗಳನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಸುಲಭವಾಗಿ ಸಿಗುತ್ತವೆ. ಉಳಿದವಕ್ಕೆ ಆ ಅನುಕೂಲ ಅಷ್ಟಿಲ್ಲ. ಅದರ ಮೇಲೆ ಇನ್ನೊಂದು ತೊಡಕು: ನಕಲು ತಡೆಯಲು ಅನೇಕ ಕಂಪನಿಗಳು ಡಾಂಗಲ್ ಕೊಡುತ್ತಿದ್ದವು. ಬೆಂಕಿಪೊಟ್ಟಣದ ಗಾತ್ರದ ಪ್ಲಾಸ್ಟಿಕ್ ತುಂಡು. ಪ್ರಿಂಟರ್ ಕೇಬಲ್ ಚುಚ್ಚುವ ಜಾಗಕ್ಕೆ ಅದನ್ನು ಮೊದಲು ಚುಚ್ಚಬೇಕು, ಇಲ್ಲದಿದ್ದರೆ ತಂತ್ರಾಂಶ ಬಾಯಿಬಿಡುವುದಿಲ್ಲ. ಈಗಿನ ಲ್ಯಾಪ್‌ಟಾಪಿನಲ್ಲಿ ಆ ಜಾಗವೇ ಇಲ್ಲ. ಅಂದರೆ ಹಳೆಯ ಪುಸ್ತಕದ ಫೈಲು ತೆರೆಯಬೇಕಾದರೆ ಫ್ಲಾಪಿ, ಅದನ್ನು ಓದುವ ಡ್ರೈವು, ತಂತ್ರಾಂಶ, ಡಾಂಗಲ್, ಡಾಂಗಲ್ ಹಿಡಿಯುವ ಯಂತ್ರ ಎಲ್ಲವೂ ಒಟ್ಟಿಗೆ ಬೇಕು. ಒಂದು ತಪ್ಪಿದರೂ ಬಾಗಿಲು ತೆರೆಯದು.

ಬಿಸ್ಕತ್ತಿನ ಡಬ್ಬಿ

ನಮ್ಮ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಒಂದು ಸಂಜೆ ಬಿಸ್ಕತ್ತಿನ ತಗಡಿನ ಡಬ್ಬಿ ಹಿಡಿದು ಬಂದರು. ಒಳಗೆ ಫ್ಲಾಪಿಗಳು. 1990ರ ದಶಕದಲ್ಲಿ ಅವರು ಮನೆಮನೆ ಅಲೆದು ಅರೆಭಾಷೆಯ ಗಾದೆ, ಒಗಟು, ಬೇಸಾಯದ ಮಾತುಗಳನ್ನು ಸಂಗ್ರಹಿಸಿದ್ದರು. ಪೇಟೆಯ ಡಿಟಿಪಿ ಅಂಗಡಿಯಲ್ಲಿ ಕೂತು ಟೈಪ್ ಮಾಡಿಸಿದ್ದರು. ಪುಸ್ತಕ ಅಚ್ಚಾಗಲಿಲ್ಲ, ಅಂಗಡಿ ಮುಚ್ಚಿತು, ಕೈಬರಹದ ಪುಸ್ತಕಗಳನ್ನು ಗೆದ್ದಲು ತಿಂದಿತು. ಅರೆಭಾಷೆಗೆ ಅಕಾಡೆಮಿ ಬಂದದ್ದು 2011ರಲ್ಲಿ. ಇದು ಅದಕ್ಕೂ ಬಹಳ ಹಿಂದಿನ ಮಾತು.

‘ಇದ್ರಲ್ಲಿ ಏನಾದ್ರೂ ಉಳಿದದ್ದು ಉಂಟಾ ಮಾರಾಯ? ನೋಡ್ಲಿಕ್ಕಾಗ್ತದಾ?’ ಎಂದರು.

‘ನೋಡುವ ಮೇಷ್ಟ್ರೇ. ಮೊದ್ಲು ಬೂಷ್ಟು ತೆಗೀಬೇಕು. ಹಾಗೇ ಹಾಕಿದ್ರೆ ಡ್ರೈವೂ ಹಾಳು, ಫ್ಲಾಪಿಯೂ ಹಾಳು.’

ಫ್ಲಾಪಿ ಎಂದರೆ ತೆಳುವಾದ ಪಾಲಿಯೆಸ್ಟರ್ ಹಾಳೆಯ ಮೇಲೆ ಕಾಂತಗುಣದ ಪುಡಿಯ ಲೇಪ. ಡ್ರೈವಿನ ತಲೆ ಆ ಲೇಪವನ್ನು ಮುಟ್ಟಿಕೊಂಡೇ ಓದುತ್ತದೆ. ಬೂಷ್ಟು ಇದ್ದರೆ ತಲೆಗೆ ಮೆತ್ತಿ, ಮುಂದಿನ ಸುತ್ತಿನಲ್ಲಿ ಲೇಪವನ್ನೇ ಕೆರೆದು ಹಾಕುತ್ತದೆ. ಕೆರೆದುಹೋದ ಅಕ್ಷರ ಮತ್ತೆ ಬರುವುದಿಲ್ಲ. ಅದಕ್ಕೇ ಮೊದಲು ಮೂರೂವರೆ ಇಂಚಿನ ಗಟ್ಟಿ ಕವಚದ ತಗಡಿನ ಬಾಗಿಲು ಸರಿಸಿ, ಟಾರ್ಚ್ ಓರೆಯಾಗಿ ಹಿಡಿದು ನೋಡಬೇಕು. ಆರೋಗ್ಯವಂತ ಫ್ಲಾಪಿ ಕಂದುಗಪ್ಪಾಗಿ, ಕಲೆಯಿಲ್ಲದೆ ಹೊಳೆಯುತ್ತದೆ. ಬೂಷ್ಟು ಹಿಡಿದದ್ದರಲ್ಲಿ ಬಿಳಿ ಉಂಗುರಗಳು, ಜೇಡರಬಲೆಯಂಥ ಎಳೆಗಳು. ಕವಚದ ಅಂಚನ್ನು ಬ್ಲೇಡಿನಿಂದ ಬಿಡಿಸಿ, ಒಳಗಿನ ಹಾಳೆಯನ್ನು ನಡುವಿನ ಲೋಹದ ಬಿಲ್ಲೆ ಹಿಡಿದು ಹೊರತೆಗೆದು, ಬಟ್ಟಿ ಇಳಿಸಿದ ನೀರಿಗೆ ಒಂದೇ ಹನಿ ಪಾತ್ರೆ ಸೋಪು ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಒತ್ತಡ ಹಾಕದೆ ಒರೆಸಬೇಕು. ಎರಡೂ ಮಗ್ಗುಲು. ಆಮೇಲೆ ಸೋಪಿಲ್ಲದ ನೀರಿನಲ್ಲಿ ತೊಳೆದು, ದೂಳಿಲ್ಲದ ಕಡೆ ಒಣಗಿಸಿ, ಬೇರೊಂದು ಶುಭ್ರ ಕವಚದಲ್ಲಿ ಕೂರಿಸಬೇಕು. ಪ್ರತಿ ಫ್ಲಾಪಿಯ ನಂತರ ಡ್ರೈವಿನ ತಲೆಯನ್ನೂ ಆಲ್ಕೊಹಾಲ್ ಹಚ್ಚಿ ಒರೆಸಬೇಕು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಒಣಗುವ ಮೊದಲೇ ಮತ್ತೆ ಬೂಷ್ಟು ಹತ್ತುತ್ತದೆ. ಜನವರಿ, ಫೆಬ್ರವರಿಯ ಒಣಗಾಳಿ ಒಳ್ಳೆಯದು, ಕಾಫಿ ಕಣದಲ್ಲಿ ಒಣಗುವ ಹೊತ್ತು.

ಓದುವುದಕ್ಕೆ ಈಗ ಒಳ್ಳೆಯ ಸಾಧನಗಳಿವೆ. ಗ್ರೀಸ್‌ವೀಸಲ್ ಎಂಬ ಪುಟ್ಟ ಬೋರ್ಡು ಅವುಗಳಲ್ಲೊಂದು. ವಿನ್ಯಾಸ ಎಲ್ಲರಿಗೂ ಮುಕ್ತ. ಹಳೆಯ ಫ್ಲಾಪಿ ಡ್ರೈವನ್ನು ಯುಎಸ್‌ಬಿ ಮೂಲಕ ಇಂದಿನ ಕಂಪ್ಯೂಟರಿಗೆ ಜೋಡಿಸುತ್ತದೆ. ಫೈಲು ಎಲ್ಲಿದೆ, ಏನಿದೆ ಎಂದು ಕೇಳದೆ, ಹಾಳೆಯ ಮೇಲಿನ ಕಾಂತದ ಏರಿಳಿತಗಳನ್ನೇ ನೇರವಾಗಿ ಹಲವು ಸುತ್ತು ದಾಖಲಿಸಿಕೊಳ್ಳುತ್ತದೆ. ಒಂದು ಸುತ್ತಿನಲ್ಲಿ ಮಸುಕಾದದ್ದು ಇನ್ನೊಂದರಲ್ಲಿ ಸ್ಪಷ್ಟವಾಗಬಹುದು. ಅರ್ಥ ಬಿಡಿಸುವ ಕೆಲಸ ಆಮೇಲೆ, ಫ್ಲಾಪಿಗೆ ಮತ್ತೆ ನೋವು ಮಾಡದೆ.

ಮೇಷ್ಟ್ರ ಫ್ಲಾಪಿಗಳಲ್ಲಿ ಹೆಚ್ಚಿನವನ್ನು ಓದಲು ಸಾಧ್ಯವಾಯಿತು, ಕೆಲವು ಅಲ್ಲಲ್ಲಿ ತುಂಡುತುಂಡಾಗಿ ಬಂದವು. ಆದರೆ ತಂತ್ರಾಂಶದ ಡಾಂಗಲ್ ಅಂಗಡಿಯ ಜೊತೆಗೇ ಹೋಗಿತ್ತು. ನಮ್ಮನ್ನು ಉಳಿಸಿದ್ದು ಅವರು ಮಡಚಿ ಡಬ್ಬಿಯ ತಳದಲ್ಲಿಟ್ಟಿದ್ದ ಒಂದೆರಡು ಕರಡು ಹಾಳೆಗಳು. ಅಚ್ಚಾದ ಹಾಳೆಯ ಸಾಲನ್ನೂ ಪರದೆಯ ಮೇಲಿನ ಗೊಂದಲದ ಸಾಲನ್ನೂ ಪಕ್ಕಪಕ್ಕ ಇಟ್ಟು, ಯಾವ ಇಂಗ್ಲಿಷ್ ಚಿಹ್ನೆ ಯಾವ ಒತ್ತು, ಯಾವುದು ಕೊಂಬು, ಯಾವುದು ದೀರ್ಘ ಎಂದು ಪಟ್ಟಿ ಮಾಡುತ್ತಾ ಹೋದೆವು. ಮೇಷ್ಟ್ರು ಓದುವುದು, ನಾನು ಬರೆದುಕೊಳ್ಳುವುದು. ಬಳಕೆ ಕಡಿಮೆಯಿರುವ ಒತ್ತಕ್ಷರಗಳು ಕೊನೆಯವರೆಗೂ ಕಾಡಿದವು. ಪಟ್ಟಿ ಮುಗಿದ ಮೇಲೆ ಉಳಿದ ಫೈಲುಗಳಿಗೆ ಅದನ್ನೇ ಅನ್ವಯಿಸಿದರೆ ಗಾದೆಗಳು ಸಾಲುಸಾಲಾಗಿ ಕನ್ನಡದಲ್ಲಿ ಬಂದವು. ಮೇಷ್ಟ್ರು ಮೊದಲು ಮಾಡಿದ ಕೆಲಸ ಕಾಗುಣಿತದ ತಪ್ಪು ಹುಡುಕಿದ್ದು. ಟೈಪ್ ಮಾಡಿದ ಹುಡುಗ ಆಗಲೇ ಒಂದು ‘ಳ’ಕಾರ ಬಿಟ್ಟಿದ್ದನಂತೆ.

ಒಂದು ಡಬ್ಬಿಯಲ್ಲಿ ಇಷ್ಟಿದ್ದರೆ ನಾಡಿನ ಮುದ್ರಣಾಲಯಗಳ, ಸ್ಥಳೀಯ ಪತ್ರಿಕೆಗಳ, ಸಂಘಸಂಸ್ಥೆಗಳ ಕಪಾಟುಗಳಲ್ಲಿ ಎಷ್ಟಿರಬೇಡ? ಸಂಶೋಧಕರ ಕ್ಷೇತ್ರಕಾರ್ಯದ ಟಿಪ್ಪಣಿ, ಅಚ್ಚಾಗದೆ ಉಳಿದ ಕಾದಂಬರಿ, ಊರಿನ ಸಹಕಾರ ಸಂಘದ ವರದಿ, ಯಕ್ಷಗಾನ ಪ್ರಸಂಗ. ಫ್ಲಾಪಿ ಎಂದಿಗೂ ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಸೋನಿ ಕಂಪನಿ 2011ರಲ್ಲಿ ಮಾರಾಟ ನಿಲ್ಲಿಸಿತು. ಇರುವವು ದಿನೇದಿನೇ ಲೇಪ ಕಳಚಿಕೊಳ್ಳುತ್ತಿವೆ. 2018ರ ಆಗಸ್ಟಿನಲ್ಲಿ ಗಾಳಿಬೀಡು, ಕಾಲೂರು, ಮಕ್ಕಂದೂರು ಭಾಗದ ಗುಡ್ಡಗಳು ಜಾರಿದಾಗ ಮನೆಗಳ ಜೊತೆ ಕಾಗದಪತ್ರಗಳೂ ಮಣ್ಣುಪಾಲಾದದ್ದನ್ನು ನಾವು ಕಂಡಿದ್ದೇವೆ. ಒಂದೇ ಕಡೆ ಇರುವ ಒಂದೇ ಪ್ರತಿ 24 ಗಂಟೆಯ ಮಳೆಗೆ ಹೋಗಿಬಿಡಬಹುದು.

ಕರ್ನಾಟಕದ್ದೇ ಕೂಸಾದ ಸಿಂಪ್ಯೂಟರನ್ನೂ ನಾವು ಹೀಗೇ ಮರೆಯುತ್ತಿದ್ದೇವೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಬೆಂಗಳೂರಿನ ಎನ್‌ಕೋರ್ ಕಂಪನಿಯವರೂ ಸೇರಿ ಬಡವರಿಗೂ ಎಟುಕಬೇಕೆಂದು ರೂಪಿಸಿದ ಕೈಗಣಕ ಅದು. 2004ರಲ್ಲಿ ಬಿಇಎಲ್ ಕಾರ್ಖಾನೆಯಿಂದ ಅಮಿಡಾ ಎಂಬ ಹೆಸರಿನಲ್ಲಿ ಪೇಟೆಗೆ ಬಂತು. ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಬ್ರಿಟನ್ನಿನ ಸ್ಪೆಕ್ಟ್ರಮ್, ಅಮೆರಿಕದ ಆಪಲ್ ಟೂ ಹುಡುಕಿ ಸಾವಿರಾರು ರೂಪಾಯಿ ಕೊಡುವ ನಮ್ಮ ಸಂಗ್ರಾಹಕರು ಮೊದಲು ಇದನ್ನು ಹುಡುಕಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಗುಜರಿಯವರನ್ನು ದೂರುವಂತಿಲ್ಲ. ಅವರಿಗೆ ಕಂಪ್ಯೂಟರ್ ಎಂದರೆ ಕಿಲೋ ಲೆಕ್ಕದ ತಗಡು, ತಾಮ್ರ. ವೈರು ಸುಟ್ಟು ತಾಮ್ರ ತೆಗೆಯುವುದು ಊರಿನ ಗಾಳಿಗೂ ಸುಡುವವರ ಶ್ವಾಸಕೋಶಕ್ಕೂ ವಿಷ. ಮಾನಿಟರಿನ ಗಾಜಿನಲ್ಲಿ ಸೀಸವಿದೆ. ಇ-ತ್ಯಾಜ್ಯದ ನಿಯಮಗಳು 2012ರ ಮೇ ತಿಂಗಳಿಂದ ಜಾರಿಯಲ್ಲಿವೆ, ದಾಬಸ್‌ಪೇಟೆಯಲ್ಲಿ ಅದಕ್ಕಿಂತ ಮೊದಲೇ ಸಂಸ್ಕರಣ ಘಟಕ ಶುರುವಾಗಿದೆ. ಸತ್ತ ಯಂತ್ರ ಅಂಥಲ್ಲಿಗೇ ಹೋಗಬೇಕು. ಆದರೆ ಕಚೇರಿಗಳು ಹರಾಜು ಹಾಕುವ ಮೊದಲು, ಓಡುವ ಒಂದು ಯಂತ್ರವನ್ನು ಫ್ಲಾಪಿ ಡ್ರೈವಿನ ಸಮೇತ ಉಳಿಸಿಕೊಳ್ಳುವ ರೂಢಿ ಬರಬೇಕು. ಜಿಲ್ಲೆಗೊಂದು ಗ್ರಂಥಾಲಯದಲ್ಲಿ, ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಅಂಥದೊಂದು ಮೇಜು ಇದ್ದರೆ ಸಾಕು. ಖರ್ಚು ಹೆಚ್ಚಿಲ್ಲ. ಬೇಕಾದ್ದು ವಾರಕ್ಕೊಮ್ಮೆ ಅದನ್ನು ಚಾಲೂ ಮಾಡುವ ಒಬ್ಬ ಮನುಷ್ಯ.

ಚಾಲೂ ಮಾಡುವುದೇ ಒಳ್ಳೆಯ ಔಷಧ. ಗಾಳಿಬೀಡಿನಂಥ ಕಡೆ ವಾರಕ್ಕೆ ಒಂದು ತಾಸು ಓಡಿಸಿದರೆ ಯಂತ್ರದ ಸ್ವಂತ ಕಾವೇ ಒಳಗಿನ ತೇವ ಓಡಿಸುತ್ತದೆ. ಫ್ಲಾಪಿಗಳಿಗೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಕಪಾಟಿನಲ್ಲಿ ಇಡುವುದಾದರೆ ಮಲೆನಾಡಿನ ಮನೆಗಳು ಕ್ಯಾಮೆರಾ ಲೆನ್ಸಿಗೆ ಮಾಡುವಂತೆ ಒಂದು ಜೀರೋ ಬಲ್ಬ್ ಉರಿಸಿಡಬಹುದು. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಮೊದಲು ಪ್ಲಗ್ ಕಿತ್ತಿಡಬೇಕು, ಸ್ವಿಚ್ ಆರಿಸಿದರೆ ಸಾಲದು. ಬೋರ್ಡಿನ ನೀಲಿ ಬ್ಯಾಟರಿಯನ್ನು, ಸೋರಿರಲಿ ಬಿಡಲಿ, ಇವತ್ತೇ ಕತ್ತರಿಸಿ ತೆಗೆಯಬೇಕು.

ಮನೆಯಲ್ಲಿ, ಪ್ರೆಸ್ಸಿನಲ್ಲಿ ಹಳೆಯ ಫ್ಲಾಪಿ ಇರುವವರಿಗೆ ಒಂದು ಕೋರಿಕೆ. ಏನಿದೆಯೋ ನೋಡೋಣ ಎಂದು ಸಿಕ್ಕ ಡ್ರೈವಿಗೆ ತೂರಿಸಬೇಡಿ. ಪ್ರಿಂಟರ್ ಪೋರ್ಟಿನ ಡಾಂಗಲ್ ಸಿಕ್ಕರೆ, ಅದು ಯಾವುದಕ್ಕೆಂದು ಗೊತ್ತಾಗದಿದ್ದರೂ, ಎಸೆಯಬೇಡಿ. ಆ ಕಾಲದ ಕರಡು ಹಾಳೆ ಒಂದಾದರೂ ಇದ್ದರೆ ಫ್ಲಾಪಿಯ ಜೊತೆಗೇ ಇಡಿ. ಮತ್ತು ಒಂದು ಚೀಟಿಯಲ್ಲಿ ಬರೆದಿಡಿ: ಯಾವ ತಂತ್ರಾಂಶ, ಯಾವ ಫಾಂಟು, ಯಾವ ವರ್ಷ, ಟೈಪ್ ಮಾಡಿದವರು ಯಾರು, ಅವರು ಈಗ ಎಲ್ಲಿದ್ದಾರೆ. ಅವರಲ್ಲಿ ಅನೇಕರು ಈಗ ಬೇರೆ ಕೆಲಸದಲ್ಲಿದ್ದರೂ, ಯಾವ ಕೀಲಿಗೆ ಯಾವ ಒತ್ತು ಬರುತ್ತಿತ್ತು ಎನ್ನುವುದು ಅವರ ಬೆರಳಿಗೆ ಇನ್ನೂ ನೆನಪಿರುತ್ತದೆ.